ಬರಗಾಲದ ದುಡ್ಡು ಯಾರ ಗದ್ದೆಗೆ ಹರಿಯಿತು?



ಹೋದ ತಿಂಗಳು ಭಾನುವಾರದ ಕೂಟ ಮುಗಿದ ಮೇಲೆ ಜತ್ತ ತಾಲ್ಲೂಕಿನ ನೀರಿನ ಸಂಗತಿ ಮಾತಿಗೆ ಬಂದಿತು. ನಮ್ಮ ಲೈನಿನ ಹಿರಿಯರೊಬ್ಬರು ಕೇಳಿದರು: "ಅದೆಲ್ಲೋ ಸಾಂಗಲಿ ಜಿಲ್ಲೆಯ ಬರ. ನಾವಿರುವುದು ಮಳೆ ಸುರಿಯುವ ಬೆಟ್ಟದಲ್ಲಿ. ಅಲ್ಲಿಯ ನೀರಿನ ದುಡ್ಡಿನ ಲೆಕ್ಕ ಕಟ್ಟಿಕೊಂಡು ನಮಗೇನಾಗಬೇಕು ತಮ್ಮಾ?"

ಹಿರಿಯರು ಕೇಳಿದ್ದು ತಪ್ಪಲ್ಲ. ದಿನವಿಡೀ ಎಲೆ ಕಿತ್ತು ಸೊಂಟ ಬಿದ್ದುಹೋದವರಿಗೆ ಊರಾಚೆಯ ಚಿಂತೆ ಭಾರವೇ ಸರಿ. ಆದರೆ ಆ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟರೆ ನಾವು ನಮ್ಮ ಅಜ್ಜಂದಿರ ಕತೆಯನ್ನೇ ಮರೆತಂತಾಗುತ್ತದೆ. ಆದ್ದರಿಂದ ಈ ಬರಹ.

ನಮ್ಮವರು ಬೆಟ್ಟ ಹತ್ತಿದ್ದು ಏಕೆ?

ನಮ್ಮ ಅಜ್ಜಿಯರ ಬಾಯಲ್ಲಿ "ಧಾತು ಈಶ್ವರದ ಬರ" ಎಂಬ ಮಾತು ಬರುತ್ತಿತ್ತು. ಧಾತು ಮತ್ತು ಈಶ್ವರ ಎಂಬುವು ಎರಡು ಸಂವತ್ಸರಗಳ ಹೆಸರು. 1876ರಿಂದ 1878ರವರೆಗೆ ಮೈಸೂರು ಸೀಮೆ, ಬಳ್ಳಾರಿ, ಸೊಲ್ಲಾಪುರ, ಮದ್ರಾಸಿನ ಬಯಲು ಜಿಲ್ಲೆಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಅಂದಿನ ಸರಕಾರ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಬರದ ಖರ್ಚು ಕಡಿಮೆ ಮಾಡಿಸಲು ಕಳುಹಿಸಿತು. ಅವನು 1877ರಲ್ಲಿ ಬರದ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ ಸಾಕು ಎಂದು ಗೊತ್ತುಮಾಡಿದನು. ಒಂದು ಪೌಂಡು ಎಂದರೆ ಅರ್ಧ ಕಿಲೋ ಕೂಡ ಇಲ್ಲ. ಆ ಅಳತೆಯ ಮೇಲೆ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು! ಜನ ಸಾಯುತ್ತಿದ್ದಾಗಲೂ ಈ ದೇಶದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು. ಖಜಾನೆ ಉಳಿಯಿತು, ಜನ ಉಳಿಯಲಿಲ್ಲ.

ಬದುಕಿ ಉಳಿದವರಲ್ಲಿ ಅನೇಕರು ಗುಂಪುಗುಂಪಾಗಿ ಸಿಲೋನಿಗೂ ಬೆಟ್ಟದ ತೋಟಗಳಿಗೂ ಹೋದರು. ನೀಲಗಿರಿ, ವಯನಾಡಿನ ಕಾಡು ಕಡಿದು ಕಾಫಿ, ಚಹಾ ನೆಟ್ಟ ಕೈಗಳಲ್ಲಿ ಮೈಸೂರು ಸೀಮೆಯ ಕನ್ನಡದ ಕೈಗಳು ಬಹಳ. ಮೇಸ್ತ್ರಿ ಕೊಟ್ಟ ಮುಂಗಡವನ್ನು ಅವರು ಆಸೆಯಿಂದ ತೆಗೆದುಕೊಂಡರೇ? ಇಲ್ಲ. ಕೆರೆ ಒಣಗಿತ್ತು, ಹಗೇವು ಖಾಲಿಯಾಗಿತ್ತು, ಬೇರೆ ದಾರಿ ಇರಲಿಲ್ಲ. ಬಯಲಿನಲ್ಲಿ ನೀರು ಬತ್ತಿದಷ್ಟೂ ಬೆಟ್ಟದಲ್ಲಿ ಕೂಲಿ ಅಗ್ಗವಾಗುತ್ತದೆ. ಇದು ಅಂದಿನ ಲೆಕ್ಕ, ಇಂದಿನ ಲೆಕ್ಕವೂ ಹೌದು. ಬರದ ಊರಿನಿಂದ ಹೊಟ್ಟೆಗಿಲ್ಲದೆ ಬಂದವನು ಅರ್ಧ ಕೂಲಿಗೂ ಒಪ್ಪುತ್ತಾನೆ. ಆಗ ನಮ್ಮ ಪೂರ್ತಿ ಕೂಲಿಯ ಬೇಡಿಕೆಗೆ ಬಲ ಎಲ್ಲಿಂದ ಬರಬೇಕು? ಅವನ ಮೇಲೆ ಸಿಟ್ಟುಮಾಡಿ ಫಲವಿಲ್ಲ. ಅವನ ಊರಿನ ಕೆರೆಗೆ ಹೋಗಬೇಕಾಗಿದ್ದ ದುಡ್ಡು ಎಲ್ಲಿ ಹೋಯಿತೆಂದು ಕೇಳಬೇಕು.

ಹಿರಿಯರೇ, ಜತ್ತದ ನೀರಿಗೂ ನಿಮ್ಮ ಬಟವಾಡೆಗೂ ಇರುವ ಸಂಬಂಧ ಇದೇ.

ಒಂದೇ ಜಿಲ್ಲೆ, ಎರಡು ಹಣೆಬರಹ

ಜತ್ತ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ವಿಜಯಪುರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಅಲ್ಲಿಯ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಅದೇ ಜಿಲ್ಲೆಯ ಪಶ್ಚಿಮದಲ್ಲಿ ಕೃಷ್ಣೆ ತುಂಬಿ ಹರಿಯುತ್ತಾಳೆ.

2018ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರಕಾರ 151 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಅದರಲ್ಲಿ ಜತ್ತವೂ ಸೇರಿತ್ತು. 2019ರ ಬೇಸಿಗೆಯಲ್ಲಿ ಆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಟ್ಯಾಂಕರುಗಳು ಹಳ್ಳಿ ಹಳ್ಳಿಗೆ ನೀರು ಹೊತ್ತವು. ಅದೇ ವರ್ಷದ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹಕ್ಕೆ ಸಾಂಗಲಿ ಪಟ್ಟಣ ಮುಳುಗಿ ಜನ ದೋಣಿಯಲ್ಲಿ ಓಡಾಡಿದರು. ಮೂರು ತಿಂಗಳ ಹಿಂದೆ ಒಂದು ಕೊಡಕ್ಕೆ ಜಗಳ, ಮೂರು ತಿಂಗಳ ಮೇಲೆ ಮಾಳಿಗೆಯವರೆಗೆ ನೀರು, ಜಿಲ್ಲೆ ಮಾತ್ರ ಒಂದೇ! ಇದನ್ನು ದೈವದ ಕೋಪ ಎಂದು ಹೇಳಿ ಕೈತೊಳೆದುಕೊಳ್ಳುವವರಿಗೆ ನಾವು ಹೇಳುವುದಿಷ್ಟು: ಮಳೆ ಎಲ್ಲಿ ಬೀಳಬೇಕೆಂಬುದು ಮನುಷ್ಯನ ಕೈಯಲ್ಲಿಲ್ಲ. ಬಿದ್ದ ನೀರು ಯಾರಿಗೆ ತಲುಪಬೇಕೆಂಬುದು ಮನುಷ್ಯನ ಕೈಯಲ್ಲೇ ಇದೆ.

ಜತ್ತಕ್ಕೆ ನೀರು ತರಲು ಯೋಜನೆ ಇರಲಿಲ್ಲವೇ? ಇತ್ತು. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ, ಮೆಟ್ಟಿಲು ಮೆಟ್ಟಿಲಾಗಿ ಪೂರ್ವದ ಒಣ ತಾಲ್ಲೂಕುಗಳಿಗೆ ಹರಿಸುವ ಏತ ನೀರಾವರಿ ಯೋಜನೆ. ಆದರೆ ಕಾಮಗಾರಿ ದಶಕಗಟ್ಟಲೆ ಎಳೆಯಿತು. ಪಂಪು ಕೂಡಿಸಿದ ಮೇಲೂ ವಿದ್ಯುತ್ತಿನ ಬಾಕಿ ಬೆಳೆದು ಪಂಪು ನಿಂತ ಕಾಲಗಳುಂಟು. ಕಟ್ಟುವುದಕ್ಕೆ ಕೋಟಿ ಕೊಡುವ ಸರಕಾರಕ್ಕೆ ನಡೆಸುವುದಕ್ಕೆ ಕಾಸು ಸಿಗುವುದಿಲ್ಲ. ಏಕೆಂದರೆ ಕಟ್ಟುವುದರಲ್ಲಿ ಕಂಟ್ರಾಕ್ಟು ಇದೆ, ಶಂಕುಸ್ಥಾಪನೆಯ ಕಲ್ಲು ಇದೆ, ಹಾರ ತುರಾಯಿ ಇದೆ. ನಡೆಸುವುದರಲ್ಲಿ ಬರಿಯ ಕರೆಂಟು ಬಿಲ್ಲು. ತಾಲ್ಲೂಕಿನ 65 ಹಳ್ಳಿಗಳು ಪೂರ್ತಿಯಾಗಿಯೋ ಅರ್ಧವಾಗಿಯೋ ಯೋಜನೆಯ ಹೊರಗೇ ಉಳಿದವು.

2022ರ ನವೆಂಬರಿನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ಜತ್ತದ ನಲವತ್ತು ಪಂಚಾಯಿತಿಗಳು ನೀರಿಲ್ಲದೆ ಕರ್ನಾಟಕಕ್ಕೆ ಸೇರುವ ಠರಾವು ಮಾಡಿವೆ ಎಂದರು. ಅದು ಹತ್ತು ವರ್ಷದ ಹಿಂದಿನ ಠರಾವು ಎಂದು ಮಹಾರಾಷ್ಟ್ರದವರು ಉತ್ತರ ಕೊಟ್ಟರು. ಆಮೇಲೆ ನಡೆದದ್ದನ್ನು ಗಮನಿಸಿರಿ. ಕೆಲವೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತದ ತಿಕ್ಕುಂಡಿಯ ಕಡೆಗೆ ಹರಿಯಿತು. ಇತ್ತ ಮಹಾರಾಷ್ಟ್ರ ಸರಕಾರ ಮ್ಹೈಸಾಳದ ವಿಸ್ತರಣೆಗೆ ಸುಮಾರು ಎರಡು ಸಾವಿರ ಕೋಟಿ ರೂಪಾಯಿಯ ಕಾಮಗಾರಿಯನ್ನು ಅವಸರದಿಂದ ಮುಂದೆ ತಂದಿತು.

ಇದರಲ್ಲಿ ನಮಗೊಂದು ಪಾಠವಿದೆ. ಹತ್ತು ವರ್ಷ ನೀರಿಗಾಗಿ ಅತ್ತಾಗ ಬಾರದ ಹಣ, ಗಡಿಯ ಜಗಳ ಬಂದಾಗ ಹತ್ತು ದಿನದಲ್ಲಿ ಬಂದಿತು. ಹಾಗಾದರೆ ಮೊದಲು ಹಣ ಇರಲಿಲ್ಲವೆಂಬುದು ಸುಳ್ಳು. ನೀರೂ ಇತ್ತು, ಹಣವೂ ಇತ್ತು. ಇಲ್ಲದೆ ಹೋದದ್ದು ಬಾಯಾರಿದವರ ಬಗ್ಗೆ ಭಯ. ಗಡಿಯಾಚೆಯವರಾಗಲಿ ಈಚೆಯವರಾಗಲಿ, ಜತ್ತದ ತಾಯಂದಿರ ಬರಿಗೊಡವನ್ನು ಬಾವುಟವಾಗಿ ಹಿಡಿದವರೇ ಹೊರತು ಅದನ್ನು ತುಂಬಿಸಬೇಕೆಂದು ಮೊದಲೇ ಎದ್ದವರಲ್ಲ. ಕನ್ನಡದ ಅಭಿಮಾನ ನಮಗೂ ಇದೆ. ಆದರೆ ನೀರಿಗೆ ಭಾಷೆಯಿಲ್ಲ, ಬಾಯಾರಿಕೆಗೂ ಇಲ್ಲ.

ಹಣವಿಲ್ಲ ಎನ್ನುವವರಿಗೆ

"ಸರಕಾರದ ಬಳಿ ದುಡ್ಡೆಲ್ಲಿದೆ?" ಎಂಬ ಮಾತನ್ನು ವಿದ್ಯಾವಂತರೂ ಹೇಳುತ್ತಾರೆ. ಲೆಕ್ಕ ನೋಡೋಣ. ಮಹಾರಾಷ್ಟ್ರದಲ್ಲಿ ಹತ್ತು ವರ್ಷಗಳಲ್ಲಿ ನೀರಾವರಿಗೆಂದು ಸುಮಾರು 70,000 ಕೋಟಿ ರೂಪಾಯಿ ಖರ್ಚಾಗಿ, ನೀರಾವರಿಯ ಪಾಲು ನೂರಕ್ಕೆ 0.1ರಷ್ಟು ಮಾತ್ರ ಏರಿದೆ ಎಂದು 2012ರಲ್ಲಿ ಆ ರಾಜ್ಯದ ಆರ್ಥಿಕ ಸಮೀಕ್ಷೆಯ ಅಂಕಿಗಳಿಂದಲೇ ಕೂಗು ಎದ್ದಿತು. ಸರಕಾರ ಶ್ವೇತಪತ್ರ ಹೊರಡಿಸಿ ಬೇರೆ ಲೆಕ್ಕ ಹೇಳಿತು. ಯಾವ ಲೆಕ್ಕವನ್ನು ನಂಬಿದರೂ ಸರಿಯೇ, ಹಣ ಇರಲಿಲ್ಲವೆಂದು ಇನ್ನು ಯಾರೂ ಹೇಳುವಂತಿಲ್ಲ.

ದೊಡ್ಡ ಅಣೆಕಟ್ಟಿನ ಹಾದಿ ಕೆಟ್ಟಿತು, ಸಣ್ಣ ಕೆಲಸ ಮಾಡೋಣವೆಂದು 2014ರ ಕೊನೆಯಲ್ಲಿ ಜಲಯುಕ್ತ ಶಿವಾರ ಯೋಜನೆ ಹೊರಟಿತು. ಹಳ್ಳ ಹೂಳೆತ್ತುವುದು, ಒಡ್ಡು ಹಾಕುವುದು, ಇವು ಕೇಳಲು ಒಳ್ಳೆಯ ಕೆಲಸಗಳೇ. 2020ರಲ್ಲಿ ಮಹಾಲೇಖಪಾಲರ ವರದಿ ಬಂದಿತು. ಸುಮಾರು 9,634 ಕೋಟಿ ರೂಪಾಯಿ ಖರ್ಚಾದರೂ ಅಂತರ್ಜಲ ಏರಿಸುವುದರಲ್ಲಿ ಹೆಚ್ಚಿನ ಫಲ ಕಾಣಲಿಲ್ಲವೆಂದು ಅದು ಹೇಳಿತು. ಹಾಗಾದರೆ ದೊಡ್ಡದು, ಸಣ್ಣದು ಎಂಬುದಲ್ಲ ಪ್ರಶ್ನೆ. ನೀರು ನಿಂತ ಮೇಲೆ ಅದನ್ನು ಯಾರು, ಯಾವ ಬೆಳೆಗೆ, ಎಷ್ಟು ಎಳೆಯಬೇಕೆಂಬ ಕಟ್ಟುಪಾಡಿಲ್ಲದೆ ಎಷ್ಟು ಕೋಟಿ ಸುರಿದರೂ ಅದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಕರ್ನಾಟಕದ ಕತೆಯೂ ಬೇರೆಯಲ್ಲ. 2023ರಲ್ಲಿ ಅಲ್ಲಿಯ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲಾಯಿತು. ರಾಜ್ಯ ಸರಕಾರ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಳು ಉರುಳಿದವು. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ಬಂದಿತು. ಮುಂಗಾರು ಕೈಕೊಟ್ಟದ್ದು ಹಿಂದಿನ ಜೂನಿನಲ್ಲಿ, ಹಣ ಬಂದದ್ದು ಮುಂದಿನ ಏಪ್ರಿಲಿನಲ್ಲಿ. ಅಷ್ಟರೊಳಗೆ ಎತ್ತು ಮಾರಿದವನು ಮತ್ತೆ ಎತ್ತು ಕೊಳ್ಳುತ್ತಾನೆಯೇ? ಚಿತ್ರದುರ್ಗ, ತುಮಕೂರು ಕಡೆಯ ಒಣನೆಲಕ್ಕೆಂದು ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಎಂದು ಸಾರಿದರು. ಆ ಹಣ ಕೈಗೆ ಬಂದಿಲ್ಲವೆಂದು ರಾಜ್ಯ ಸರಕಾರ 2025ರಲ್ಲೂ ದೂರುತ್ತಿತ್ತು. ಮೇಲಿನವರು ಕೊಡಲಿಲ್ಲ ಎಂದು ಕೆಳಗಿನವರು, ಕೆಳಗಿನವರು ಲೆಕ್ಕ ಕೊಡಲಿಲ್ಲ ಎಂದು ಮೇಲಿನವರು. ಇವರಿಬ್ಬರ ನಡುವೆ ಒಣಗಿದ್ದು ಮಾತ್ರ ಬಡವನ ಗಂಟಲು.

ಕುದುರೆಗೆ ಹುಲ್ಲು ಹುಡುಕಿದ ಅರಸ

ಹಳೆಯ ಒಡಂಬಡಿಕೆಯ ಅಹಾಬನ ಕತೆ ನಮಗೆ ಗೊತ್ತು. ಸಮಾರ್ಯದಲ್ಲಿ ಘೋರ ಬರ. ಆಗ ಆ ಅರಸನು ತನ್ನ ಮನೆಯ ಮೇಲ್ವಿಚಾರಕ ಓಬದ್ಯನನ್ನು ಕರೆದು, ಹಳ್ಳ ಒರತೆಗಳನ್ನೆಲ್ಲ ಹುಡುಕಿಸಿದನು. ಯಾರಿಗಾಗಿ? ತನ್ನ ಕುದುರೆ, ಹೇಸರಗತ್ತೆಗಳಿಗೆ ಹುಲ್ಲು ಸಿಕ್ಕೀತೇ ಎಂದು. ಜನರ ಮಾತನ್ನು ಅವನು ಎತ್ತಿದನೆಂದು ಅಲ್ಲಿ ಬರೆದಿಲ್ಲ.

ಇಂದಿನ ಅಹಾಬನ ಕುದುರೆಯ ಹೆಸರು ಕಬ್ಬು. ಮಹಾರಾಷ್ಟ್ರದ ಸಾಗುವಳಿ ಭೂಮಿಯಲ್ಲಿ ಕಬ್ಬು ಇರುವುದು ಸಣ್ಣ ಪಾಲಿನಲ್ಲಿ. ಆದರೆ ನೀರಾವರಿಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಹೊಟ್ಟೆಗೇ ಹೋಗುತ್ತದೆ. ಸೊಲ್ಲಾಪುರ ಜಿಲ್ಲೆಯನ್ನೇ ನೋಡಿರಿ. ಹುಟ್ಟಿನಿಂದ ಬರದ ಜಿಲ್ಲೆ. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಇಂದು ಆ ಜಿಲ್ಲೆ ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲೊಂದು. ಸೊಲ್ಲಾಪುರ ಪಟ್ಟಣದ ನಲ್ಲಿಗೋ ವರ್ಷಾನುಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ನೀರು. ಬರದವರ ಹೆಸರಿನಲ್ಲಿ ಅಣೆಕಟ್ಟು ಬಂದಿತು. ನೀರು ಕಬ್ಬಿನ ಗದ್ದೆಗೆ ಹರಿಯಿತು. ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಕೂತವರೇ ವಿಧಾನಸಭೆಯಲ್ಲಿಯೂ ಕೂತಿದ್ದರೆ ಕಾಲುವೆಯ ತೂಬು ಯಾರ ಕಡೆಗೆ ತೆರೆಯುತ್ತದೆಂದು ಜೋಯಿಸರನ್ನು ಕೇಳಬೇಕಾಗಿಲ್ಲ.

2016ರ ಏಪ್ರಿಲಿನಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದನ್ನು ಇಡೀ ದೇಶ ಪತ್ರಿಕೆಗಳಲ್ಲಿ ನೋಡಿತು. ಮಿರಜದಿಂದ ಮುನ್ನೂರು ಕಿಲೋಮೀಟರಿಗೂ ದೂರ, ಮೊದಲನೆಯ ರೈಲಿನಲ್ಲಿ ಸುಮಾರು ಐದು ಲಕ್ಷ ಲೀಟರು. ಕೊಟ್ಟದ್ದು ಪುಣ್ಯದ ಕೆಲಸ, ಅದನ್ನು ಹಳಿಯುವುದಿಲ್ಲ. ಆದರೆ ಆ ಲಾತೂರಿನ ಸುತ್ತಲೂ ಕಬ್ಬು ಬೆಳೆಸಿದವರು ಯಾರು, ಕಾರ್ಖಾನೆಗೆ ಲೈಸೆನ್ಸು ಕೊಟ್ಟವರು ಯಾರು, ಭೂಮಿಯ ಹೊಟ್ಟೆಯವರೆಗೂ ಕೊಳವೆ ಬಾವಿ ಇಳಿಸಿದಾಗ ಕಣ್ಣು ಮುಚ್ಚಿದವರು ಯಾರು? ಆ ರೈಲು ಹೊರಟ ಮಿರಜದ ಜಿಲ್ಲೆಯಲ್ಲೇ ಜತ್ತವೂ ಇದೆ ಎಂಬುದನ್ನು ಯಾವ ಪತ್ರಿಕೆಯೂ ದೊಡ್ಡ ಅಕ್ಷರದಲ್ಲಿ ಬರೆಯಲಿಲ್ಲ.

ಎರಡೆಕರೆ ಕಬ್ಬು ಇಟ್ಟ ಸಣ್ಣ ರೈತ ನಮ್ಮ ಶತ್ರುವಲ್ಲ. ಅವನಿಗೆ ಕೈಗೆ ರೊಕ್ಕ ಕೊಡುವ ಬೇರೆ ಬೆಳೆಗೆ ಬೆಲೆಯ ಭರವಸೆಯಿಲ್ಲ. ಇನ್ನು ಆ ಕಬ್ಬನ್ನು ಕಡಿಯುವವರು ಯಾರು? ದಸರಾ ದೀಪಾವಳಿ ಕಳೆದ ಮೇಲೆ ಒಣ ತಾಲ್ಲೂಕುಗಳಿಂದ ಮುಂಗಡ ತೆಗೆದುಕೊಂಡು ಬಂಡಿ ಹತ್ತುವ ಕುಟುಂಬಗಳು. ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ಕೋಯ್ತಾ, ಅಂದರೆ ಒಂದು ಕತ್ತಿ ಎಂಬ ಲೆಕ್ಕ. ತಮ್ಮ ಹಳ್ಳಿಗೆ ಬಾರದ ನೀರು ಕುಡಿದು ಬೆಳೆದ ಕಬ್ಬನ್ನೇ ಕಡಿಯಲು ಅವರು ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆ. ಅಕ್ಕಂದಿರೇ, ಬೆನ್ನಿಗೆ ಕೂಸು ಕಟ್ಟಿ ತೋಟಕ್ಕೆ ಹೋದ ನಿಮಗೆ ಇದನ್ನು ನಾವು ವಿವರಿಸಬೇಕೇ?

ಮಾಡಿ ತೋರಿಸಿದವರೂ ಇದ್ದಾರೆ

"ಎಲ್ಲರೂ ಕಳ್ಳರು, ಏನು ಮಾಡಿದರೂ ಅಷ್ಟೇ" ಎಂದು ಬೀಡಿ ಹಚ್ಚುವುದು ಸುಲಭ. ಅದು ಕಳ್ಳನಿಗೆ ಕೊಡುವ ರಜೆ. ಹಿವರೆ ಬಜಾರ ಎಂಬ ಊರು ಇಂದಿನ ಅಹಿಲ್ಯಾನಗರ ಜಿಲ್ಲೆಯಲ್ಲಿದೆ. ವರ್ಷಕ್ಕೆ ನಾನೂರು ಮಿಲಿಮೀಟರಿನ ಆಸುಪಾಸು ಮಳೆ. ಗುಳೆ ಹೋಗುವುದೇ ಆ ಊರಿನ ಪದ್ಧತಿಯಾಗಿತ್ತು. 1989ರ ಹೊತ್ತಿಗೆ ಪೋಪಟರಾವ್ ಪವಾರರು ಸರಪಂಚರಾದರು. ಸರಕಾರದ ಉದ್ಯೋಗ ಖಾತರಿ ಹಣದಿಂದಲೇ ಗುಡ್ಡಕ್ಕೆ ಬದು ಹಾಕಿ ಗಿಡ ನೆಟ್ಟರು. ಆ ಹಣ ಸುತ್ತಲಿನ ಊರುಗಳಿಗೂ ಬಂದಿತ್ತು. ಆದರೆ ಈ ಊರು ಜೊತೆಗೆ ಕಟ್ಟುಪಾಡು ಮಾಡಿತು. ಬೇಸಾಯಕ್ಕೆ ಕೊಳವೆ ಬಾವಿ ಕೊರೆಯುವಂತಿಲ್ಲ. ಕಬ್ಬು, ಬಾಳೆಯಂಥ ನೀರು ಕುಡಿಯುವ ಬೆಳೆ ಇಡುವಂತಿಲ್ಲ. ಪ್ರತಿವರ್ಷ ಮಳೆ ಅಳೆದು, ಗ್ರಾಮಸಭೆಯಲ್ಲಿ ನೀರಿನ ಆಯವ್ಯಯ ಓದಿ, ಮೊದಲು ಕುಡಿಯುವುದಕ್ಕೆ, ಆಮೇಲೆ ದನಕರುಗಳಿಗೆ, ಉಳಿದದ್ದು ಬೆಳೆಗೆ ಎಂದು ಗೊತ್ತುಮಾಡಿದರು. ಗುಳೆ ಹೋದ ಮನೆಗಳು ತಿರುಗಿ ಬಂದವು. ಹಣ ಎಲ್ಲೆಲ್ಲೂ ಸರಕಾರದ್ದೇ. ಕಣ್ಗಾವಲು ಊರಿನದಾದಲ್ಲಿ ಮಾತ್ರ ನೀರು ನಿಂತಿತು.

ಉದ್ಯೋಗ ಖಾತರಿ ಎಂದೆನಲ್ಲ, ಅದರ ಹುಟ್ಟನ್ನೂ ನೆನೆಯಬೇಕು. 1972ರ ಬರದಲ್ಲಿ ಮಹಾರಾಷ್ಟ್ರದ ಲಕ್ಷಾಂತರ ಬಡವರು ಕಲ್ಲೊಡೆಯುವ ಕಾಮಗಾರಿಗೆ ಬಂದು ನಿಂತರು. ಆ ಒತ್ತಾಯದಿಂದ ಕೆಲಸ ಕೊಡುವುದು ಸರಕಾರದ ದಯೆಯಲ್ಲ, ಬಡವನ ಹಕ್ಕು ಎಂಬ ಕಾಯಿದೆ 1977ರಲ್ಲಿ ಆಯಿತು, 1979ರ ಜನವರಿ 26ರಿಂದ ಜಾರಿಗೆ ಬಂದಿತು. ಅದಕ್ಕೆ ಹಣ ಎಲ್ಲಿಂದ? ಪಟ್ಟಣದ ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಿದರು. ಮುಂಬಯಿಯ ಆಫೀಸಿನವನ ಸಂಬಳದ ಒಂದು ಚೂರು ಬರದ ಊರಿನ ಬದುವಿಗೆ ಹೋಯಿತು. ಇದಲ್ಲವೇ ಒಬ್ಬರ ಭಾರವನ್ನೊಬ್ಬರು ಹೊರುವುದು?

ಅದೇ ಬೀಜ 2005ರಲ್ಲಿ ಇಡೀ ದೇಶದ ಉದ್ಯೋಗ ಖಾತರಿ ಕಾಯಿದೆಯಾಯಿತು. ಅದರಲ್ಲಿ ಕೂಲಿಯ ಹಣವನ್ನು ಕೇಂದ್ರವೇ ಪೂರ್ತಿ ಕೊಡಬೇಕಿತ್ತು, ಹದಿನೈದು ದಿನದೊಳಗೆ ಬಟವಾಡೆ ಆಗಬೇಕಿತ್ತು. ತಡವಾಗಿ ಬಂದ ಕೂಲಿಯ ಕತೆಗಳು ಸಾವಿರ. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅದನ್ನು ತೆಗೆದು ಹೊಸ ಕಾಯಿದೆ ಮಾಡಿತು. ವರ್ಷಕ್ಕೆ 100 ದಿನವಿದ್ದದ್ದು 125 ದಿನ ಎಂದಿತು. ಕಿವಿಗೆ ಇಂಪು. ಆದರೆ ಹೆಚ್ಚಿನ ರಾಜ್ಯಗಳು ಖರ್ಚಿನಲ್ಲಿ ನೂರಕ್ಕೆ ನಲವತ್ತು ಪಾಲು ತಾವೇ ಹೊರಬೇಕೆಂದಿತು. ಬರ ಬಂದ ವರ್ಷವೇ ರಾಜ್ಯದ ವರಮಾನ ಕುಗ್ಗುವುದು, ಆ ವರ್ಷವೇ ಕೆಲಸ ಕೇಳುವವರು ಹೆಚ್ಚುವುದು. ಕೈ ಬರಿದಾದಾಗಲೇ ಹೆಚ್ಚು ಕೊಡು ಎಂದರೆ, ಕೊಡಬೇಡ ಎಂದಂತೆಯೇ ಅಲ್ಲವೇ? ದಿನ ಎಣಿಸಿ ಹಿಗ್ಗಬೇಡಿರಿ, ದುಡ್ಡಿನ ಗಂಟು ಯಾರ ಕೈಯಲ್ಲಿದೆ ನೋಡಿರಿ.

ನಾವು ಕೇಳಬೇಕಾದದ್ದು

ತೋಟದಲ್ಲಿ ಕುಡಿಯುವ ನೀರು ಕೊಡುವುದು ಮಾಲೀಕನ ಕರ್ತವ್ಯವೆಂದು 1951ರ ತೋಟ ಕಾರ್ಮಿಕರ ಕಾಯಿದೆ ಬರೆದಿಟ್ಟಿತ್ತು. ಆ ಕಾಯಿದೆ ಈಗ ಪ್ರತ್ಯೇಕವಾಗಿಲ್ಲ. 2020ರ ಸಂಹಿತೆಯೊಳಗೆ ಕರಗಿ, 2025ರ ನವೆಂಬರಿನಿಂದ ಆ ಸಂಹಿತೆಯೇ ಜಾರಿಯಲ್ಲಿದೆ. ಆದರೆ ಅಂದು ನಾವು ಕಲಿತದ್ದು ಮರೆಯಬಾರದು. ಲೈನಿನ ನಲ್ಲಿ ದೊರೆಯ ದಯೆಯಿಂದ ಬಂದದ್ದಲ್ಲ, ಕಾನೂನಿನಲ್ಲಿ ಬರೆಯಿಸಿಕೊಂಡು, ಸಂಘ ಕಟ್ಟಿ, ಇನ್ಸ್‌ಪೆಕ್ಟರರನ್ನು ಕರೆಸಿ ಬಂದದ್ದು. ಬರದ ಊರಿಗೂ ಇದೇ ದಾರಿ. ಟ್ಯಾಂಕರು ದಯೆ, ಕಾಯಿದೆ ಹಕ್ಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಅಣೆಕಟ್ಟಿನ ನೀರಿನಲ್ಲಿ ಮನುಷ್ಯರ ಮತ್ತು ದನಕರುಗಳ ಪಾಲನ್ನು ಮೊದಲು ತೆಗೆದಿಟ್ಟು, ಆಮೇಲೆಯೇ ಕಬ್ಬಿಗೂ ಕಾರ್ಖಾನೆಗೂ ತೂಬು ತೆರೆಯಬೇಕು. ಬರ ಸಾರಿದ ಮೇಲೆ ಇಂತಿಷ್ಟು ದಿನದೊಳಗೆ ಪರಿಹಾರದ ಹಣ ಇಳಿಯಬೇಕೆಂದು ಕಾನೂನಿನಲ್ಲಿ ಗಡುವು ಇರಬೇಕು, ರಾಜ್ಯಗಳು ಕೋರ್ಟಿಗೆ ಅಲೆಯಬಾರದು. ಏತ ನೀರಾವರಿಗೆ ಕಟ್ಟುವ ಹಣದ ಜೊತೆಗೇ ನಡೆಸುವ ಹಣವನ್ನೂ ಮಂಜೂರು ಮಾಡಬೇಕು. ಕೆರೆ, ಬದು, ಹಳ್ಳದ ಕೆಲಸವನ್ನು ಯಂತ್ರದ ಕಂಟ್ರಾಕ್ಟರಿಗೆ ಕೊಡದೆ ಆ ಊರಿನ ಕೈಗಳಿಗೆ ಕೊಡಬೇಕು, ಕೂಲಿ ತಡವಾಗಬಾರದು. ಬರದ ವರ್ಷದಲ್ಲಿ ಆ ಕೂಲಿಯ ಪೂರ್ತಿ ಹೊರೆಯನ್ನು ಕೇಂದ್ರವೇ ಹೊರಬೇಕು. ಬಂದ ಹಣ, ಆದ ಕೆಲಸ, ಕೊಟ್ಟ ಕೂಲಿ, ಇವುಗಳ ಲೆಕ್ಕವನ್ನು ಗ್ರಾಮಸಭೆಯಲ್ಲಿ ಜನರ ಭಾಷೆಯಲ್ಲಿ ಗಟ್ಟಿಯಾಗಿ ಓದಬೇಕು. ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡದಲ್ಲಿಯೂ ಓದಬೇಕು. ಅರ್ಥವಾಗದ ಲೆಕ್ಕ ಲೆಕ್ಕವೇ ಅಲ್ಲ.

ಇದರಲ್ಲಿ ನಮ್ಮ ಕೆಲಸವೇನು? ನಮ್ಮಲ್ಲಿ ಅನೇಕರಿಗೆ ಬಯಲಿನಲ್ಲಿ ಇನ್ನೂ ಬಂಧುಗಳಿದ್ದಾರೆ, ಊರಿನ ಪಟ್ಟಿಯಲ್ಲಿ ಓಟೂ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಕೆರೆಗೆ ಬಂದ ಹಣವೆಷ್ಟೆಂದು ಪಂಚಾಯಿತಿಯಲ್ಲಿ ಕೇಳಿರಿ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಓದಿದ ಮಕ್ಕಳ ನೆರವು ಪಡೆಯಿರಿ. ಸಂಘದ ಮಹಾಸಭೆಯಲ್ಲಿ ಬೋನಸ್ಸಿನ ಠರಾವಿನ ಪಕ್ಕದಲ್ಲೇ ಬರದ ಊರುಗಳ ನೀರಿನ ಠರಾವನ್ನೂ ಇಡಿರಿ. ಗುಳೆ ಬಂದು ನಮ್ಮ ತೋಟದಲ್ಲಿ ಹೊಸದಾಗಿ ಹೆಸರು ಹಚ್ಚಿಸಿದವನನ್ನು ಕೂಲಿ ಕೆಡಿಸುವವನೆಂದು ದೂರ ತಳ್ಳಬೇಡಿರಿ, ಸಂಘದ ಚೀಟಿ ಕೊಡಿಸಿರಿ. ಅವನು ಬಂದ ಹಾದಿಯಲ್ಲೇ ನಮ್ಮ ಮುತ್ತಜ್ಜನೂ ಬಂದದ್ದು.

ಲೈನಿನ ಆ ಹಿರಿಯರಿಗೆ ಈ ಬರಹವನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಪ್ಪ ಒಂದು ತಾಮ್ರದ ಬಿಂದಿಗೆ ಹೊತ್ತುಕೊಂಡು ಘಾಟಿ ಹತ್ತಿದನಂತೆ. ನೀರಿಲ್ಲದ ಊರಿನಿಂದ ಬಿಂದಿಗೆ ಯಾಕೆ ತಂದನೋ ಎಂದು ನಾವು ನಗುತ್ತಿದ್ದೆವು" ಎಂದರು. ಬಿಂದಿಗೆ ಈಗಲೂ ಅವರ ಮನೆಯಲ್ಲಿದೆ. ಸಂಘದ ಸಭೆಯಲ್ಲಿ ನೀರಿನ ಠರಾವನ್ನು ತಾವೇ ಮಂಡಿಸುವುದಾಗಿ ಹೇಳಿದ್ದಾರೆ. ಅನುಮೋದಿಸಲು ನೀವೆಲ್ಲರೂ ಬನ್ನಿರಿ.